ಒಬ್ಬ ಅಜ್ಜ, ಮೂರು ಹುಟ್ಟಿದ ತಾರೀಖು

ಜಾತಕದ ಪ್ರಕಾರ ಅಜ್ಜ ಹುಟ್ಟಿದ್ದು ಶಾಲಿವಾಹನ ಶಕೆ 1860, ಬಹುಧಾನ್ಯ ಸಂವತ್ಸರದ ಶ್ರಾವಣ ಬಹುಳ ಅಷ್ಟಮಿಯಂದು. ಲೆಕ್ಕ ಹಾಕಿದರೆ 1938ರ ಆಗಸ್ಟ್ ಮೂರನೇ ವಾರ. ಶಾಲೆಯ ದಾಖಲಾತಿ ಪುಸ್ತಕದಲ್ಲಿ 1-6-1937 ಎಂದಿದೆ. ಆಧಾರ್ ಕಾರ್ಡಿನಲ್ಲಿ ತಾರೀಖೇ ಇಲ್ಲ, ಹುಟ್ಟಿದ ವರ್ಷ 1940 ಅಂತಷ್ಟೇ. ಇದು ಉದಾಹರಣೆಗೆ ಹೇಳಿದ್ದು, ಆದರೆ ಇಂಥ ಅಜ್ಜ ಇಲ್ಲದ ಊರನ್ನು ಕರ್ನಾಟಕದಲ್ಲಿ ಹುಡುಕಬೇಕು. ಮನೆತನದ ಚರಿತ್ರೆಯನ್ನು ಕಂಪ್ಯೂಟರಿಗೆ ಏರಿಸಲು ಕೂತ ಮೊಮ್ಮಗಳ ಮುಂದೆ ತಂತ್ರಾಂಶ ಒಂದು ಖಾಲಿ ಜಾಗ ತೋರಿಸಿ ಹುಟ್ಟಿದ ದಿನ ಕೇಳುತ್ತದೆ. ಮೂರರಲ್ಲಿ ಯಾವುದನ್ನು ತುಂಬಬೇಕು?

ಮೂರನ್ನೂ ತುಂಬಬೇಕು. ಒಂದೊಂದರ ಪಕ್ಕದಲ್ಲೂ ಅದು ಎಲ್ಲಿಂದ ಬಂತು ಎಂದು ಬರೆದಿಡಬೇಕು. ಯಾಕೆಂದರೆ ಪ್ರತಿಯೊಂದರ ಹಿಂದೆಯೂ ಬೇರೆ ಬೇರೆ ಕಾರಣವಿದೆ. ಹಿಂದೆ ಮಗುವನ್ನು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟು ಅನ್ನುತ್ತಿದ್ದರು. ಮುಟ್ಟಿದರೆ ಶಾಲೆಯ ವಯಸ್ಸಾಯಿತು ಎಂದು ಲೆಕ್ಕ. ಚಿಕ್ಕ ಮಕ್ಕಳ ತಲೆ ಮೈಗಿಂತ ದೊಡ್ಡದು, ಕೈ ಗಿಡ್ಡ. ಆರರ ಆಸುಪಾಸಿಗೆ ಕೈ ಕಿವಿಗೆ ಎಟುಕುತ್ತದೆ. ಹಾಗಾಗಿ ಆ ಪರೀಕ್ಷೆ ತೀರಾ ಅಡ್ಡಕಸುಬಿಯೇನಲ್ಲ. ಶಾಲೆ ತೆರೆಯುವುದು ಜೂನಿನಲ್ಲಿ, ಆದ್ದರಿಂದ ಲೆಕ್ಕಕ್ಕೆ ಸಲೀಸಾಗಲೆಂದು ಜೂನ್ 1 ಬಿತ್ತು. ನಮ್ಮಲ್ಲಿ ಒಂದು ಇಡೀ ತಲೆಮಾರು ಜೂನ್ ಒಂದರಂದೇ ಹುಟ್ಟಿದಂತೆ ಕಾಣುವುದು ಇದರಿಂದಲೇ. ಆಧಾರಿನ 1940 ಅಂದಾಜಿನ ವಯಸ್ಸಿನಿಂದ ಹಿಂದಕ್ಕೆ ಎಣಿಸಿದ್ದು. ಜಾತಕ ಮಾತ್ರ ಹೆರಿಗೆಯ ಗಳಿಗೆಗೆ ಹತ್ತಿರದಲ್ಲಿ ಬರೆದ ಕಾಗದ. ಅದೂ ಮದುವೆಯ ಹೊತ್ತಿಗೆ ಹೊಂದಾಣಿಕೆಗಾಗಿ ಹೊಸದಾಗಿ ಬರೆಸಿದ್ದಲ್ಲ ಎಂದು ಖಾತ್ರಿಯಾದರೆ!

ವಂಶಾವಳಿ ತಂತ್ರಾಂಶಗಳನ್ನು ಅಳೆಯಬೇಕಾದದ್ದು ಇಲ್ಲಿ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಎಷ್ಟೋ ಆ್ಯಪ್‌ಗಳು ಚೆಂದದ ಮರ ಬಿಡಿಸುತ್ತವೆ, ಆದರೆ ಒಬ್ಬರಿಗೆ ಒಂದೇ ತಾರೀಖು ಹಿಡಿಸುತ್ತವೆ. 2001ರಿಂದ ಬೆಳೆದು ಬಂದಿರುವ ಮುಕ್ತ ತಂತ್ರಾಂಶ ಗ್ರಾಂಪ್ಸ್ ಬೇರೆ ಜಾತಿಯದು. ಅದರಲ್ಲಿ ಘಟನೆ ಬೇರೆ, ಆಧಾರ ಬೇರೆ. ಒಬ್ಬ ವ್ಯಕ್ತಿಗೆ ಎರಡು ಮೂರು ಜನನದ ದಾಖಲೆ ಹಾಕಬಹುದು, ಒಂದೊಂದಕ್ಕೂ ಅದರ ಕಾಗದವನ್ನು ಜೋಡಿಸಬಹುದು, ಆ ಕಾಗದದ ಮೇಲೆ ಎಷ್ಟು ನಂಬಿಕೆ ಎಂಬುದನ್ನು ಐದು ಹಂತಗಳಲ್ಲಿ ಗುರುತಿಸಬಹುದು. ನೋಡಲು ಸ್ವಲ್ಪ ಒರಟು, ಕಲಿಯಲು ಒಂದಷ್ಟು ದಿನ ಹಿಡಿಯುತ್ತದೆ. ಆದರೂ ಮನೆತನದ ದಾಖಲೆಗೆ ನನ್ನ ಮತ ಇಂಥದ್ದಕ್ಕೇ.

ಗ್ರಾಂಪ್ಸ್‌ನಲ್ಲಿ ಯಹೂದಿ, ಇಸ್ಲಾಮಿ, ಪರ್ಷಿಯನ್ ಪಂಚಾಂಗಗಳಿವೆ, ಫ್ರೆಂಚ್ ಕ್ರಾಂತಿಯ ಕಾಲದ ಕ್ಯಾಲೆಂಡರ್ ಕೂಡ ಇದೆ. ನಮ್ಮ ಸಂವತ್ಸರ ಮಾತ್ರ ಇಲ್ಲ. ಪರಿವರ್ತನೆಯ ಕೆಲಸ ನಮ್ಮ ತಲೆಗೇ ಬರುತ್ತದೆ. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ, ಆದರೆ ವರ್ಷ ಶುರುವಾಗುವುದು ಯುಗಾದಿಗೆ. ಬಹುಧಾನ್ಯದ ಮಾಘದಲ್ಲಿ ಹುಟ್ಟಿದವರು 1939ರ ಲೆಕ್ಕಕ್ಕೆ ಸೇರುತ್ತಾರೆ. ಶಕ ವರ್ಷ ಬರೆಯದೆ ಬರೇ ಸಂವತ್ಸರದ ಹೆಸರಿದ್ದರೆ ಇನ್ನೂ ಎಚ್ಚರ ಬೇಕು, ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳಿ ಬರುತ್ತದೆ. ಮುತ್ತಜ್ಜನ ಅಪ್ಪ ಧಾತು ಸಂವತ್ಸರದಲ್ಲಿ ತೀರಿಕೊಂಡರು ಎಂಬ ಮಾತು ಮನೆಯಲ್ಲಿದ್ದರೆ ಅದು 1876 ಆಗಬಹುದು, 1816 ಕೂಡ ಆಗಬಹುದು. ಜತೆಗೆ ಬರದ ಕತೆಯೂ ಇದ್ದರೆ ಬಹುಮಟ್ಟಿಗೆ 1876. ಮೈಸೂರು ಸೀಮೆಯನ್ನು ಬರಿದು ಮಾಡಿದ ಮಹಾಕ್ಷಾಮ ಶುರುವಾದದ್ದು ಆ ವರ್ಷ. ಕರಾವಳಿಯವರಿಗೆ ಇನ್ನೊಂದು ಲೆಕ್ಕವಿದೆ. ತುಳುವರ ತಿಂಗಳು ಸೌರಮಾನದ್ದು, ಹೊಸ ವರ್ಷ ಬಿಸುವಿಗೆ. ಆಟಿಯಲ್ಲಿ ಹುಟ್ಟಿದ್ದು ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಎಂದು ತಿಳಿಯಬೇಕು.

ಇಂಥ ತಾರೀಖನ್ನು ಬರೆಯಲು ಒಂದು ಒಳ್ಳೆಯ ದಾರಿ ಹಿಂದಿನಿಂದಲೂ ಇದೆ, ಬಳಸುವವರು ಕಡಿಮೆ. ವಂಶಾವಳಿ ತಂತ್ರಾಂಶಗಳು ತಮ್ಮತಮ್ಮಲ್ಲಿ ಮಾಹಿತಿ ವಿನಿಮಯ ಮಾಡಿಕೊಳ್ಳುವ ಕಡತದ ಮಾದರಿಗೆ ಜೆಡ್‌ಕಾಮ್ ಎಂದು ಹೆಸರು. ಅಮೆರಿಕದ ಮಾರ್ಮನ್ ಚರ್ಚು 1984ರಲ್ಲಿ ಅದನ್ನು ರೂಪಿಸಿತು. ತೀರಿಹೋದ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮಾಡಿಸುವ ಪದ್ಧತಿ ಅವರಲ್ಲಿರುವುದರಿಂದ ಪೂರ್ವಜರು ಯಾರೆಂದು ಕಂಡುಹಿಡಿಯುವುದು ಅವರಿಗೆ ಧರ್ಮದ ಕೆಲಸ. ಯೂಟಾದ ಒಂದು ಕಲ್ಲುಬೆಟ್ಟದೊಳಗಿನ ಉಗ್ರಾಣದಲ್ಲಿ ಜಗತ್ತಿನ ನಾನಾ ಕಡೆಯ ದಾಖಲೆಗಳ 24 ಲಕ್ಷದಷ್ಟು ಮೈಕ್ರೋಫಿಲ್ಮ್ ಸುರುಳಿಗಳನ್ನು ಕೂಡಿಸಿದರು, 2021ರಲ್ಲಿ ಅವುಗಳ ಡಿಜಿಟಲೀಕರಣ ಮುಗಿಯಿತು. ಹರಿದ್ವಾರದ ಪುರೋಹಿತರಾದ ಪಂಡಾಗಳು ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳನ್ನೂ ಅವರು ಚಿತ್ರ ತೆಗೆದಿದ್ದಾರೆ. ಇರಲಿ. 2021ಕ್ಕೆ ಮುಂಚಿನ ಜೆಡ್‌ಕಾಮ್ ಮಾದರಿಯಲ್ಲಿ 'ಅರ್ಥೈಸಿದ ತಾರೀಖು' ಎಂಬ ಬಗೆಯೊಂದಿದೆ. ನಾವು ಲೆಕ್ಕ ಹಾಕಿದ ಆಗಸ್ಟ್ 1938 ಮುಂದೆ ಇರುತ್ತದೆ, ಕಾಗದದಲ್ಲಿದ್ದ 'ಬಹುಧಾನ್ಯ ಶ್ರಾವಣ ಬಹುಳ ಅಷ್ಟಮಿ' ಅದರ ಬೆನ್ನಿಗೆ ಹಾಗೆಯೇ ಉಳಿಯುತ್ತದೆ. ಲೆಕ್ಕ ತಪ್ಪಿದ್ದರೆ ಮುಂದಿನವರು ತಿದ್ದಬಹುದು. ಮೂಲವನ್ನೇ ಅಳಿಸಿದ್ದರೆ ತಿದ್ದಲು ಏನೂ ಇರುವುದಿಲ್ಲ.

ಹೆಸರಿನ ತಾಪತ್ರಯ ಇನ್ನೊಂದು ಬಗೆ. ಜೆಡ್‌ಕಾಮ್ ಪ್ರತಿ ಹೆಸರಿನಲ್ಲೂ ಮನೆತನದ ಹೆಸರನ್ನು ಎರಡು ಓರೆಗೆರೆಗಳ ನಡುವೆ ಇಡಲು ಹೇಳುತ್ತದೆ. ಧಾರವಾಡದ ಕಡೆಯವರಿಗೆ ಅಡ್ಡಹೆಸರು ಇದೆ, ಸರಿಹೋಗುತ್ತದೆ. ಹಳೇ ಮೈಸೂರಿನವರ ಹೆಸರಿನ ಮುಂದೆ ಎರಡು ಇನಿಷಿಯಲ್ ಇರುತ್ತದೆ, ಒಂದು ಊರಿನದು, ಇನ್ನೊಂದು ಅಪ್ಪನದು. ಅವನ್ನು ಓರೆಗೆರೆಯೊಳಗೆ ತುರುಕಿದರೆ ಅಪ್ಪ ಒಂದು ಮನೆತನ, ಮಗ ಇನ್ನೊಂದು ಮನೆತನವಾಗಿ ಪಟ್ಟಿಯಲ್ಲಿ ಚದುರಿಹೋಗುತ್ತಾರೆ. ಗ್ರಾಂಪ್ಸ್ ಇಲ್ಲೂ ಕೈಹಿಡಿಯುತ್ತದೆ, ಉಪನಾಮ ಊರಿನಿಂದ ಬಂದದ್ದೋ, ತಂದೆಯಿಂದಲೋ, ತಾಯಿಯ ಕವಲಿನಿಂದಲೋ ಎಂದು ಗುರುತಿಸಲು ಬಿಡುತ್ತದೆ. ಅಳಿಯಸಂತಾನದ ಮನೆಗಳಿಗೆ ಈ ಕೊನೆಯದು ಬೇಕೇಬೇಕು. ಇನ್ನು ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಟ್ಟಿದ್ದರೆ ತವರಿನ ಹೆಸರನ್ನು ಮುಖ್ಯ ಹೆಸರಾಗಿಯೂ ಗಂಡನ ಮನೆಯದನ್ನು ಪರ್ಯಾಯ ಹೆಸರಾಗಿಯೂ ಹಾಕುವುದು ಒಳ್ಳೆಯದು. ಇಲ್ಲದಿದ್ದರೆ ತವರಿನ ಕಾಗದಗಳಲ್ಲಿ ಆಕೆ ಸಿಗುವುದೇ ಇಲ್ಲ.

ಕೋಷ್ಟಕಗಳಲ್ಲಿ ಪೂರ್ವಜರಿಗೆ ಸಂಖ್ಯೆ ಕೊಡುವ ಒಂದು ಹಳೆಯ ಜಾಣ ವಿಧಾನವಿದೆ. ಆಸ್ಟ್ರಿಯಾದ ಮಿಖಾಯೆಲ್ ಐಟ್ಸಿಂಗರ್ 1590ರಲ್ಲಿ ಪ್ರಕಟಿಸಿದ್ದು. ನೀವು 1. ಯಾರ ಸಂಖ್ಯೆಯನ್ನಾದರೂ ಎರಡರಿಂದ ಗುಣಿಸಿದರೆ ಅವರ ತಂದೆ, ಅದಕ್ಕೆ ಒಂದು ಸೇರಿಸಿದರೆ ತಾಯಿ. ಅಪ್ಪ 2, ಅಮ್ಮ 3, ಅಪ್ಪನ ಅಪ್ಪ 4, ಅಮ್ಮನ ಅಮ್ಮ 7. ಈಗ ನಮ್ಮ ಕಡೆ ಮೊನ್ನೆಮೊನ್ನೆಯವರೆಗೂ ಮಾಮೂಲಾಗಿದ್ದ ಒಂದು ಮದುವೆ ತೆಗೆದುಕೊಳ್ಳಿ: ಅಪ್ಪ ತನ್ನ ಅಕ್ಕನ ಮಗಳನ್ನು ಕೈಹಿಡಿದಿದ್ದಾನೆ. ಆಗ 7ನೇ ಸಂಖ್ಯೆಯ ಅಜ್ಜಿ ಅಪ್ಪನ ಅಕ್ಕನೇ. ಆಕೆಯ ತಂದೆಯ ಸಂಖ್ಯೆ 14. ಆದರೆ ಆತ ಅಪ್ಪನಿಗೂ ತಂದೆ, ಅಂದರೆ 4. ಒಬ್ಬನೇ ಮನುಷ್ಯ ನಿಮಗೆ ಅಜ್ಜನೂ ಹೌದು, ಮುತ್ತಜ್ಜನೂ ಹೌದು. ಅವನ ಹೆಂಡತಿ 5 ಕೂಡ, 15 ಕೂಡ. ಹತ್ತು ತಲೆಮಾರು ಹಿಂದೆ ಹೋದರೆ ಪ್ರತಿಯೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ, ಆದರೆ ಅಷ್ಟು ಜನ ಇರಬೇಕೆಂದಿಲ್ಲ. ನಮ್ಮ ಸಂಬಂಧಗಳು ಒಳಗೊಳಗೇ ಹೆಣೆದುಕೊಂಡಿರುವುದರಿಂದ ಜನ ಬೇಗನೆ ಕಡಿಮೆಯಾಗುತ್ತಾರೆ.

ಹೊಸಬರು ಇಲ್ಲಿ ಅಜ್ಜನನ್ನು ಎರಡು ಸಲ ನಮೂದಿಸಿಬಿಡುತ್ತಾರೆ, ಅಪ್ಪನ ಕಡೆ ಒಮ್ಮೆ, ಅಮ್ಮನ ಕಡೆ ಒಮ್ಮೆ. ಚಿತ್ರದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಆದರೆ ಜಮೀನಿನ ಕಾಗದ ಒಬ್ಬನಿಗೆ ಹೋಗುತ್ತದೆ, ಫೋಟೊ ಇನ್ನೊಬ್ಬನಿಗೆ. ವ್ಯಕ್ತಿ ಒಂದೇ ದಾಖಲೆ, ಅವನು ಸೇರಿದ ಕುಟುಂಬಗಳು ಎಷ್ಟಾದರೂ ಇರಲಿ ಎಂಬುದೇ ಇದರ ಒಳಗಿನ ತರ್ಕ. ಜೆಡ್‌ಕಾಮ್‌ನಲ್ಲೂ ವ್ಯಕ್ತಿಯ ದಾಖಲೆ ಬೇರೆ, ಕುಟುಂಬದ ದಾಖಲೆ ಬೇರೆ. ಮರ ಎನ್ನುವುದು ತೆರೆಯ ಮೇಲಿನ ಚಿತ್ರ, ಒಳಗಿರುವುದು ಜಾಲ. ಈ ಜಾಲ ಸರಿಯಿದ್ದರೆ ಒಂದು ಉಪಕಾರವೂ ಇದೆ. ಆನುವಂಶಿಕ ಕಾಯಿಲೆಯ ಬಗ್ಗೆ ವೈದ್ಯರು ಸಂಬಂಧ ಕೇಳಿದಾಗ ಉತ್ತರ ಸಿದ್ಧವಿರುತ್ತದೆ. ಸೋದರಮಾವನ ಮದುವೆಯಲ್ಲಿ ಹುಟ್ಟಿದ ಮಗುವಿಗೆ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಇಳಿದು ಬಂದಿರುವ ಸಂಭವ ಎಂಟರಲ್ಲಿ ಒಂದು, ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು.

ಕಾಗದಗಳನ್ನು ಎಲ್ಲಿ ಹುಡುಕುವುದು? ಪೌತಿ ಖಾತೆಗಾಗಿ ಎಂದೋ ಮಾಡಿಸಿದ ವಂಶವೃಕ್ಷದ ಪ್ರತಿ, ಹಳೆಯ ಪಹಣಿ, ಕ್ರಯಪತ್ರ, ಮದುವೆಯ ಲಗ್ನಪತ್ರಿಕೆ ಹೆಚ್ಚಿನ ಮನೆಗಳಲ್ಲಿ ಸಿಗುತ್ತವೆ. ಉತ್ತರ ಕರ್ನಾಟಕದಲ್ಲಿ ಹೆಳವರಿದ್ದಾರೆ. ಎತ್ತಿನೊಂದಿಗೆ ಊರೂರು ತಿರುಗಿ, ಒಕ್ಕಲುಮನೆಗಳ ಮುಂದೆ ನಿಂತು ಆ ಮನೆತನದ ತಲೆಮಾರುಗಳನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಬಟ್ಟೆ ಪಡೆದು ಹೋಗುವವರು. ಅವರು ಓದಿದ್ದನ್ನು ರೆಕಾರ್ಡ್ ಮಾಡಿ ಆ ಧ್ವನಿಯ ಕಡತವನ್ನೇ ಆಧಾರವಾಗಿ ಜೋಡಿಸಬಹುದು. ಅವರ ಸಾಲು ಹೆಚ್ಚಾಗಿ ಗಂಡುಸಂತಾನದ್ದು. ಹೆಣ್ಣುಮಕ್ಕಳು ಯಾವ ಮನೆ ಸೇರಿದರು ಎಂಬುದಕ್ಕೆ ಲಗ್ನಪತ್ರಿಕೆಯ ಮೊರೆ ಹೋಗಬೇಕು.

ಇನ್ನು ಫೋಟೊಗಳು. ಹೆಚ್ಚಿನವರು ಎಡವುವುದು ಇಲ್ಲಿ, ಅದೂ ವಿಚಿತ್ರ ಕಾರಣಕ್ಕೆ. ಸ್ಕ್ಯಾನ್ ಮಾಡಿದ ಕಡತದೊಳಗೆ ಯಂತ್ರ ತಾನೇ ಒಂದು ತಾರೀಖು ಬರೆಯುತ್ತದೆ, ಆದರೆ ಅದು ಸ್ಕ್ಯಾನ್ ಆದ ದಿನದ್ದು. ಅದನ್ನು ನಂಬಿದ ಆಲ್ಬಂ ತಂತ್ರಾಂಶ 1962ರ ಮದುವೆಯನ್ನು ಕಳೆದ ದೀಪಾವಳಿಯ ಪಕ್ಕದಲ್ಲಿ ಕೂರಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಇನ್ನೊಂದು ಪೆಟ್ಟು: ಚಿತ್ರ ಕುಗ್ಗುತ್ತದೆ, ಒಳಗೆ ಬರೆದಿಟ್ಟ ಹೆಸರು, ವಿವರಗಳು ಉದುರುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಇಂಚಿಗೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ನಾಲ್ಕಕ್ಕೆ ಆರು ಇಂಚಿನ ಫೋಟೊ 2,400ಕ್ಕೆ 3,600 ಚುಕ್ಕೆಗಳಾಗುತ್ತದೆ, ಗುಂಪಿನ ಹಿಂದಿನ ಸಾಲಿನ ಮುಖಕ್ಕೂ ಅದು ಸಾಕು. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮೊಹರು, ಯಾರೋ ಗೀಚಿದ ಹೆಸರು ಇರುವುದು ಅಲ್ಲೇ.

ಫೋಟೊದ ವಯಸ್ಸು ಪತ್ತೆ ಮಾಡಲು ಒಂದು ಸರಳ ಪ್ರಯೋಗವಿದೆ. ಖೋಟಾ ನೋಟು ನೋಡಲು ಅಂಗಡಿಯವರು ಇಟ್ಟುಕೊಳ್ಳುವ ನೇರಳಾತೀತ ಟಾರ್ಚನ್ನು ಕತ್ತಲ ಕೋಣೆಯಲ್ಲಿ ಫೋಟೊದ ಅಂಚಿನ ಮೇಲೆ ಕ್ಷಣಕಾಲ ಬಿಡಿ. ಕಾಗದ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಎಂದರ್ಥ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹೀರಿ ನೀಲಿ ಬೆಳಕು ಸೂಸುವ ಆ ವಸ್ತು ಫೋಟೊ ಕಾಗದಕ್ಕೆ ಸೇರತೊಡಗಿದ್ದು 1950ರ ದಶಕದಲ್ಲಿ. 1940ರ ಮದುವೆಯದೆಂದು ಹೇಳುವ ಚಿತ್ರ ಹೊಳೆದರೆ ಮದುವೆ ಸುಳ್ಳಾಗುವುದಿಲ್ಲ, ಆ ಪ್ರತಿ ಆಮೇಲೆ ಮುದ್ರಿಸಿದ್ದು ಎಂದಾಯಿತು. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ, ಆ ರಾಸಾಯನಿಕವಿಲ್ಲದ ಕಾಗದ ಆಮೇಲೂ ಇತ್ತು. ಪರೀಕ್ಷೆ ತಿಳಿಸುವುದು ಕಾಗದದ ವಯಸ್ಸನ್ನು, ಮುಖದ ವಯಸ್ಸನ್ನಲ್ಲ. ಎಪ್ಪತ್ತು ಎಂಬತ್ತರ ದಶಕದ ಬಣ್ಣದ ಫೋಟೊಗಳು ಕೆಂಪಡರಿರುವುದಕ್ಕೂ ರಸಾಯನವಿಜ್ಞಾನವೇ ಕಾರಣ. ಆ ಕಾಲದ ಹಲವು ಕಾಗದಗಳಲ್ಲಿ ಹಸಿರುಮಿಶ್ರಿತ ನೀಲಿಯ ವರ್ಣದ್ರವ್ಯ ಪೆಟ್ಟಿಗೆಯ ಕತ್ತಲಲ್ಲಿದ್ದರೂ ಮಾಸುತ್ತದೆ, ಕೆಂಪು ಉಳಿಯುತ್ತದೆ.

ಕಂಪ್ಯೂಟರಿನಲ್ಲಿ ಬಣ್ಣ ಸರಿಪಡಿಸಿಕೊಳ್ಳಿ, ಬೇಡವೆನ್ನುವುದಿಲ್ಲ. ಸ್ಕ್ಯಾನ್ ಮಾಡಿದ ಮೂಲ ಮಾತ್ರ ಮುಟ್ಟದೆ ಬೇರೆ ಇರಲಿ. ವಂಶಾವಳಿಯ ಜಾಲತಾಣ ನಡೆಸುವ ಮೈಹೆರಿಟೇಜ್ ಸಂಸ್ಥೆ 2020ರಲ್ಲಿ ಕಪ್ಪುಬಿಳುಪಿಗೆ ಬಣ್ಣ ತುಂಬುವ, 2021ರಲ್ಲಿ ಚಿತ್ರದ ಮುಖ ಅಲುಗಾಡಿಸುವ ಸೌಲಭ್ಯ ತಂದಾಗ ಜನ ಮುಗಿಬಿದ್ದರು. ಮುತ್ತಜ್ಜಿಯ ಸೀರೆ ಯಾವ ಬಣ್ಣದ್ದೆಂದು ಯಂತ್ರಕ್ಕೆ ಹೇಳಿದವರು ಯಾರು? ಅಂಥ ಚಿತ್ರವನ್ನು ಗೋಡೆಗೆ ಹಾಕಬಹುದು, ದಾಖಲೆಯಾಗಿ ಅಲ್ಲ.

ಗ್ರಾಂಪ್ಸ್‌ನಂಥ ತಂತ್ರಾಂಶ ಫೋಟೊವನ್ನು ತನ್ನೊಳಗೆ ನುಂಗುವುದಿಲ್ಲ, ಅದು ಯಾವ ಫೋಲ್ಡರಿನಲ್ಲಿದೆ ಎಂಬ ವಿಳಾಸವನ್ನಷ್ಟೇ ಬರೆದುಕೊಳ್ಳುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ ಕೊಂಡಿ ಕಡಿಯುತ್ತದೆ. ಆದ್ದರಿಂದ ಎಲ್ಲ ಚಿತ್ರಗಳೂ ಒಂದೇ ಫೋಲ್ಡರಿನಡಿ ಇದ್ದು ಹೆಸರು ಶುರುವಿನಲ್ಲೇ ಗಟ್ಟಿಯಾಗಲಿ. ಪ್ರತಿ ಫೋಟೊಗೆ ತಂತ್ರಾಂಶ ಕೊಡುವ ಸಂಖ್ಯೆಯನ್ನೇ ಮೃದುವಾದ ಪೆನ್ಸಿಲಿನಿಂದ ಮೂಲ ಫೋಟೊದ ಹಿಂದೆ ಮೂಲೆಯಲ್ಲಿ ಬರೆದರೆ ಪೆಟ್ಟಿಗೆಯೂ ಕಂಪ್ಯೂಟರೂ ಒಂದಕ್ಕೊಂದು ಮಾತಾಡುತ್ತವೆ. ಬಾಲ್‌ಪೆನ್ ಬೇಡ, ಒತ್ತು ಮುಂದಕ್ಕೆ ಮೂಡುತ್ತದೆ. ಗುಂಪಿನ ಚಿತ್ರದಲ್ಲಿ ಒಬ್ಬೊಬ್ಬರ ಮುಖದ ಸುತ್ತ ಚೌಕ ಎಳೆದು ಆ ವ್ಯಕ್ತಿಗೆ ಜೋಡಿಸುವ ಸೌಕರ್ಯವೂ ಇದೆ. ಗುರುತು ಹೇಳಿದ ಚಿಕ್ಕಜ್ಜಿಯ ಹೆಸರನ್ನು ಅದರ ಟಿಪ್ಪಣಿಯಲ್ಲಿ ಬರೆಯಿರಿ. ಅತ್ತೆಯೊಬ್ಬರು ಮುಂದೆ ಬೇರೆ ಹೆಸರು ಹೇಳಿದಾಗ ಅಳಿಸಬೇಡಿ, ಅದನ್ನೂ ಪಕ್ಕದಲ್ಲಿ ಸೇರಿಸಿ.

ಅಮೆರಿಕದಲ್ಲಿರುವ ದಾಯಾದಿಗೆ ಜೆಡ್‌ಕಾಮ್ ಕಡತ ಕಳಿಸಿದರೆ ಹಳೆಯ ಮಾದರಿಯಲ್ಲಿ ಫೋಟೊಗಳ ವಿಳಾಸ ಹೋಗುತ್ತದೆ, ಫೋಟೊ ಹೋಗುವುದಿಲ್ಲ. 2021ರ ಏಳನೇ ಆವೃತ್ತಿಯಲ್ಲಿ ಎರಡನ್ನೂ ಒಂದೇ ಕಟ್ಟಿನಲ್ಲಿ ಕಳಿಸುವ ವ್ಯವಸ್ಥೆ ಬಂದಿದೆ, ಅಕ್ಷರಗಳಿಗೆ ಯೂನಿಕೋಡ್ ಕಡ್ಡಾಯವಾಗಿದೆ. ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳಲ್ಲಿ ಎಂದೋ ಟೈಪ್ ಮಾಡಿಸಿದ ವಂಶಾವಳಿಯನ್ನು ಮೊದಲು ಪರಿವರ್ತಕದಲ್ಲಿ ಹಾಯಿಸಿ ನಂತರ ಅಂಟಿಸಬೇಕು, ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಳಿಸುವ ಮುಂಚೆ ಬದುಕಿರುವವರ ವಿವರ ಮರೆಮಾಡುವ ಆಯ್ಕೆಯನ್ನು ಒತ್ತಿ. ಹುಟ್ಟಿದ ದಿನ, ತಾಯಿಯ ತವರಿನ ಹೆಸರು, ಊರು ಮೂರೂ ಒಂದೆಡೆ ಸಿಕ್ಕರೆ ವಂಚಕರಿಗೆ ಅರ್ಧ ಕೆಲಸ ಮುಗಿದಂತೆ.