ತಿಂಡಿ ಬಿಟ್ರೆ ದಪ್ಪ ಆಗ್ತಾರಾ, ದಪ್ಪ ಇದ್ದೋರು ತಿಂಡಿ ಬಿಡ್ತಾರಾ?

ಮುಂಬಯಿ ಮಾಟುಂಗಾದ ನಮ್ಮ ವಾಕಿಂಗ್ ಗುಂಪಲ್ಲಿ ಯಾರಿಗೆ ಹೊಟ್ಟೆ ಬಂದ್ರೂ ಉಳಿದವರದ್ದು ಒಂದೇ ಮಾತು, "ಬೆಳಗ್ಗೆ ತಿಂಡಿ ಬಿಡ್ಬೇಡ ಮಾರಾಯ, ಮೈ ಬರ್ತದೆ". ತಿಂಡಿ ಬಿಡೋರಲ್ಲಿ ದಪ್ಪ ಇರೋರು ಹೆಚ್ಚು ಅಂತ ಎಷ್ಟೋ ಸರ್ವೆಗಳಲ್ಲಿ ಬಂದದ್ದು ನಿಜ. ಆದ್ರೆ ಎರಡೂ ಒಟ್ಟಿಗೆ ಕಾಣ್ತವೆ ಅಂದ್ರೆ ಒಂದರಿಂದ ಇನ್ನೊಂದು ಆಯ್ತು ಅಂತಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಸಾಲಲ್ಲ ನಂಗೆ.

ದಾದರ್ ಸ್ಟೇಷನ್ನಲ್ಲಿ ಕೊಡೆಗಳು ಜಾಸ್ತಿ ಕಂಡ ದಿನ ಲೋಕಲ್ ಲೇಟ್. ಕೊಡೆಯಿಂದ ಲೇಟಾಯ್ತು ಅಂತ ಯಾರಾದ್ರೂ ಹೇಳ್ತಾರಾ, ಎರಡಕ್ಕೂ ಕಾರಣ ಮಳೆ. ತಿಂಡಿ ವಿಷಯದಲ್ಲೂ ಇಂಥ ಮಳೆ ಇರಬಹುದು: ದೂರದ ಅಂಬರನಾಥದಿಂದ ನಸುಕಲ್ಲೇ ಗಾಡಿ ಹಿಡಿಯೋನಿಗೆ ನಿದ್ದೆ ಕಮ್ಮಿ, ತಿಂಡಿಗೆ ಟೈಮಿಲ್ಲ, ಊಟ ರಾತ್ರಿ 10ಕ್ಕೆ. ಅಥವಾ ಎಲ್ಲ ಉಲ್ಟಾನೇ ಇರಬಹುದು, ಮೊದ್ಲೇ ತೂಕ ಹೆಚ್ಚಿದ್ದೋನು ಇಳಿಸ್ಬೇಕು ಅಂತ ತಿಂಡಿ ಬಿಟ್ಟಿರ್ತಾನೆ.

ಇದನ್ನ ಬಿಡಿಸೋಕೆ ಚೀಟಿ ಎತ್ತಬೇಕು. ಇಡ್ಲಿ ಹಿಟ್ಟಿಗೆ ಉಪ್ಪು ಹಾಕಿ ಚೆನ್ನಾಗಿ ಕಲಸಿದ್ರೆ ಯಾವ ಸೌಟಲ್ಲಿ ತೆಗೆದ್ರೂ ಉಪ್ಪು ಅಷ್ಟೇ ಇರ್ತದಲ್ಲ, ಹಾಗೇ ನೂರಾರು ಜನರನ್ನ ಚೀಟಿ ಎತ್ತಿ ಎರಡು ಗುಂಪು ಮಾಡಿದ್ರೆ ನಿದ್ದೆಗೆಟ್ಟೋರು, ಸೋಮಾರಿಗಳು, ನಮಗೆ ಗೊತ್ತೇ ಇಲ್ಲದ ಇನ್ನೇನೋ ಇರೋರು, ಎಲ್ಲ ಎರಡೂ ಕಡೆ ಹೆಚ್ಚುಕಮ್ಮಿ ಸಮ ಹಂಚಿಹೋಗ್ತಾರೆ, ಉಳಿಯೋ ವ್ಯತ್ಯಾಸ ತಿಂಡಿ ಒಂದೇ. 2014ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ತೂಕ ಇಳಿಸ್ಬೇಕು ಅಂತಿದ್ದ ಸುಮಾರು 300 ಜನರಿಗೆ ಹೀಗೇ ಮಾಡಿದ್ರು. 16 ವಾರ ಆದ್ಮೇಲೆ ತಿಂಡಿ ತಿನ್ನಿ ಅಂದ ಗುಂಪಿಗೂ ಬಿಡಿ ಅಂದ ಗುಂಪಿಗೂ ತೂಕದಲ್ಲಿ ಹೇಳಿಕೊಳ್ಳೋವಂಥ ವ್ಯತ್ಯಾಸ ಬರಲೇ ಇಲ್ಲ!

ಚೀಟಿ ಎತ್ತೋಕೇ ಆಗದಿದ್ರೆ? ನಮ್ಮ ಮುಂಬಯಿಯದೇ ಕತೆ ಉಂಟು. 1980ರ ದಶಕದಲ್ಲಿ ಇಲ್ಲಿ ವೈರಸ್ ಬಂದು ಕೋಳಿಗಳು ಸಾಯ್ತಿದ್ವು, ಸತ್ತ ಕೋಳಿಗಳ ಹೊಟ್ಟೇಲಿ ಕೊಬ್ಬು ಜಾಸ್ತಿ ಅನ್ನೋದನ್ನ ಪಶುವೈದ್ಯ ಅಜಿಂಕ್ಯ ಅವರಿಂದ ಕೇಳಿದ ಡಾ. ನಿಖಿಲ್ ಧುರಂಧರ್ ತಮ್ಮ ಹತ್ರ ಬರ್ತಿದ್ದ 52 ಜನ ಬೊಜ್ಜಿನವರ ರಕ್ತ ನೋಡಿದ್ರು. ಆ ವೈರಸ್ಸಿನ ಪ್ರತಿಕಾಯ, ಅಂದ್ರೆ ಅದು ತಗುಲಿತ್ತು ಅನ್ನೋ ಗುರುತು, ಇದ್ದ 10 ಜನರ ತೂಕ ಉಳಿದವರಿಗಿಂತ ಹೆಚ್ಚು, ಆದ್ರೆ ಕೊಲೆಸ್ಟ್ರಾಲ್ ಕಮ್ಮಿ. ಕೋಳಿಗೆ ವೈರಸ್ ಚುಚ್ಚಿ ನೋಡಬಹುದು, ನೋಡಿದ್ರು, ಕೊಬ್ಬು ಏರಿತು. ಮನುಷ್ಯರಿಗೆ ಚುಚ್ಚೋಕಾಗಲ್ಲ. ಮುಂದೆ ಅದೇ ಜಾತಿಯ ಇನ್ನೊಂದು ವೈರಸ್ ಹಿಡಿದು ಅವಳಿಗಳನ್ನ ಹೋಲಿಸಿದ್ರು, ಒಬ್ಬರಿಗೆ ತಗುಲಿ ಇನ್ನೊಬ್ಬರಿಗೆ ತಗುಲದ ಜೋಡಿಗಳು. ಒಂದೇ ತಾಯಿ, ಒಂದೇ ಮನೆ, ಹಾಗಾಗಿ ಎಷ್ಟೋ ಗೊಂದಲ ತಾನಾಗೇ ಕಳೆದುಹೋಗ್ತದೆ. ಎಂಥ ಚಂದದ ಯೋಚನೆ!

ಈ ಕೈಚಳಕ ಡಾಕ್ಟರ್ ಓದಿನಲ್ಲಿ ತಾನಾಗಿ ಬರಲ್ಲ. ಅದಕ್ಕೇ ಆ ತಿಂಡಿ ಪ್ರಯೋಗದ ತಂಡದಲ್ಲಿದ್ದ ಡೇವಿಡ್ ಅಲಿಸನ್ ಮತ್ತು ಜೊತೆಗಾರರು ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಲಿ ಬೊಜ್ಜಿನ ಸಂಶೋಧಕರಿಗಂತಲೇ ಕಾರಣ ಹುಡುಕೋ ವಿಧಾನಗಳ ಸಣ್ಣ ಕೋರ್ಸ್, ಗಣಿತದ ಕೋರ್ಸ್ ಎರಡೂ ನಡೆಸಿದ್ರು. ಇಂಥ ಪಾಠಗಳಲ್ಲಿ ನಂಗೆ ತುಂಬಾ ಇಷ್ಟವಾದದ್ದು ಜೀನಿನದು. ಅಪ್ಪ ಅಮ್ಮನಿಂದ ಯಾವ ಪ್ರತಿ ಬರ್ತದೆ ಅನ್ನೋದು ನಾವು ಹುಟ್ಟೋ ಮೊದಲೇ ಎತ್ತಿದ ಚೀಟಿ, ನಮ್ಮ ತಿಂಡಿ ಲೋಕಲ್ ನಿದ್ದೆ ಯಾವುದೂ ಅದನ್ನ ಮುಟ್ಟೋಕಾಗಲ್ಲ. 2007ರಲ್ಲಿ ಬೊಜ್ಜಿನ ಜೊತೆ ನಂಟಿದೆ ಅಂತ ಗೊತ್ತಾದ ಎಫ್‌ಟಿಒ ಅನ್ನೋ ಜೀನಿನಲ್ಲಿ ತೂಕ ಹೆಚ್ಚಿಸೋ ನಮೂನೆಯ ಎರಡೂ ಪ್ರತಿ ಬಂದವರು ಒಂದೂ ಬರದವರಿಗಿಂತ ಸರಾಸರಿ 3 ಕೆಜಿ ಹೆಚ್ಚು ತೂಗ್ತಿದ್ರು, ಈ ಲೆಕ್ಕ ಯುರೋಪಿನವರದ್ದು. ಈಗ ಮೈಭಾರದಿಂದ ಸಕ್ಕರೆ ಕಾಯಿಲೆ ಬರ್ತದಾ ಅಂತ ಕೇಳೋಕೆ ಯಾರನ್ನೂ ದಪ್ಪ ಮಾಡಬೇಕಿಲ್ಲ, ಆ ಚೀಟಿ ಯಾರಿಗೆ ಬಿತ್ತು, ಯಾರಿಗೆ ಬೀಳಲಿಲ್ಲ ಅಂತ ನೋಡಿ ಇಬ್ಬರ ಸಕ್ಕರೆ ಹೋಲಿಸಿದ್ರೆ ಆಯ್ತು.