ಪದ ಪರಿಚಯ: ನೆಟ್‌ವರ್ಕ್ ಇಂಟರ್‌ಫೇಸಿನ ಸ್ಥಿರ ಹೆಸರು

ಲಿನಕ್ಸ್ ಯಂತ್ರದಲ್ಲಿ ಎರಡು ನೆಟ್‌ವರ್ಕ್ ಕಾರ್ಡ್‌ಗಳಿದ್ದರೆ, ಇವತ್ತು ಈಥ್0 ಎಂಬ ಹೆಸರಿದ್ದ ಕಾರ್ಡ್ ರೀಬೂಟ್ ಆದ ಮೇಲೆ ಈಥ್1 ಆಗಬಹುದು. ಡ್ರೈವರ್‌ಗಳು ಕಾರ್ಡುಗಳನ್ನು ಪತ್ತೆಹಚ್ಚಿದ ಸರದಿಯಲ್ಲೇ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಸಂಖ್ಯೆ ಕೊಡುತ್ತದೆ. ಆ ಸರದಿ ಪ್ರತಿ ಸಲವೂ ಒಂದೇ ಇರಬೇಕೆಂದಿಲ್ಲ. ಫೈರ್‌ವಾಲ್ ಯಂತ್ರದಲ್ಲಿ ಹೀಗಾದರೆ ಒಳಜಾಲಕ್ಕೆ ಬರೆದ ನಿಯಮಗಳು ಹೊರಜಾಲದ ಕಾರ್ಡಿಗೆ ಅನ್ವಯವಾಗುತ್ತವೆ, ಅದು ನಿಜವಾದ ಅಪಾಯ. ಎಷ್ಟು ಸಲ ಬೂಟ್ ಮಾಡಿದರೂ ಅದೇ ಕಾರ್ಡಿಗೆ ಅದೇ ಹೆಸರು ಸಿಗುವ ವ್ಯವಸ್ಥೆಗೆ ಸ್ಥಿರ ಹೆಸರಿಡುವಿಕೆ ಎನ್ನುತ್ತಾರೆ.

ಲಿನಕ್ಸಿನ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯ 2013ರಲ್ಲಿ ಬಂದ 197ನೇ ಆವೃತ್ತಿಯಿಂದ, ಅದರ ಸಾಧನ ನಿರ್ವಾಹಕ ಯುಡೆವ್ ಈ ಹೆಸರನ್ನು ಕಾರ್ಡ್ ಕೂತಿರುವ ಜಾಗ ನೋಡಿ ಕಟ್ಟುತ್ತದೆ. ಮೊದಲ ಎರಡಕ್ಷರ ಬಗೆಯನ್ನು ಹೇಳುತ್ತವೆ: ಇಎನ್ ಎಂದರೆ ಈಥರ್‌ನೆಟ್, ಡಬ್ಲ್ಯುಎಲ್ ಎಂದರೆ ವೈಫೈ. ಮದರ್‌ಬೋರ್ಡಿನ ಪೋರ್ಟಿಗೆ ಫರ್ಮ್‌ವೇರ್ (ಬೋರ್ಡಿನಲ್ಲೇ ಇರುವ ತಂತ್ರಾಂಶ) ಸಂಖ್ಯೆ ಕೊಟ್ಟಿದ್ದರೆ ಇಎನ್‌ಒ1, ಕಾರ್ಡ್ ಸಿಕ್ಕಿಸುವ ಸ್ಲಾಟಿಗೆ ಅದು ಕೊಟ್ಟ ಸಂಖ್ಯೆ ಸಿಕ್ಕರೆ ಇಎನ್‌ಎಸ್1. ಎರಡೂ ಇಲ್ಲದಿದ್ದರೆ ಇಎನ್‌ಪಿ10ಎಸ್0, ಅಂದರೆ ಕಾರ್ಡುಗಳನ್ನು ಜೋಡಿಸುವ ಪಿಸಿಐ ಬಸ್ 10, ಆ ಬಸ್ಸಿನೊಳಗೆ ಸ್ಲಾಟ್ 0. ಪಿಸಿಐ ಸಾಧನಗಳನ್ನು ಪಟ್ಟಿಮಾಡುವ ‘ಎಲ್‌ಎಸ್‌ಪಿಸಿಐ’ ಆದೇಶ ಅದೇ ಬಸ್ಸನ್ನು ಹೆಕ್ಸಾಡೆಸಿಮಲ್‌ನಲ್ಲಿ (16ರ ಆಧಾರದ ಎಣಿಕೆಯಲ್ಲಿ) 0ಎ ಎಂದು ತೋರಿಸುತ್ತದೆ. ಎರಡನ್ನೂ ತಾಳೆ ನೋಡುವವರು ಎಡವುವುದು ಇಲ್ಲೇ.

ಜಾಗ ನಂಬಿದ ಹೆಸರು ಜಾಗದ ಸಂಖ್ಯೆ ಬದಲಾದರೆ ತಾನೂ ಬದಲಾಗುತ್ತದೆ. ಹೊಸ ಎನ್‌ವಿಎಂಇ ಡ್ರೈವ್ (ಪಿಸಿಐಗೆ ಜೋಡಿಸುವ ಶೇಖರಣಾ ಸಾಧನ) ಅಥವಾ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಬಸ್ ಸಂಖ್ಯೆಗಳು ಸರಿದು, ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗಬಹುದು. ಐಪಿ ವಿಳಾಸ ಹಳೇ ಹೆಸರಿಗೆ ಬರೆದಿರುವುದರಿಂದ ಸರ್ವರ್ ದೂರದಿಂದ ಕೈಗೆ ಸಿಗುವುದಿಲ್ಲ. ನೆಟ್‌ವರ್ಕ್ ಕಾರ್ಡನ್ನು ಯಾರೂ ಮುಟ್ಟಿರುವುದಿಲ್ಲವಾದ್ದರಿಂದ ಅನುಮಾನ ಕೇಬಲ್ ಮೇಲೆ ಹೋಗುತ್ತದೆ. ಮೊದಲು ಯಂತ್ರದ ಎದುರು ಕೂತು ಅದರ ಕನ್ಸೋಲಿನಲ್ಲಿ ‘ಐಪಿ ಲಿಂಕ್’ ಕೊಟ್ಟು ಹೆಸರು ನೋಡಿ.

ಗಟ್ಟಿ ಉಪಾಯವೆಂದರೆ ಹೆಸರನ್ನು ಮ್ಯಾಕ್ ವಿಳಾಸಕ್ಕೆ, ಅಂದರೆ ಕಾರ್ಡಿಗೆ ತಯಾರಕರು ಕೊಟ್ಟ ಗುರುತಿನ ಸಂಖ್ಯೆಗೆ, ಕಟ್ಟುವುದು. /ಇಟಿಸಿ/ಸಿಸ್ಟಮ್‌ಡಿ/ನೆಟ್‌ವರ್ಕ್ ಡೈರೆಕ್ಟರಿಯಲ್ಲಿ ‘10-ಲ್ಯಾನ್.ಲಿಂಕ್’ ಎಂಬ ಫೈಲ್ ಮಾಡಿ, ‘ಮ್ಯಾಚ್’ ವಿಭಾಗದಲ್ಲಿ ‘ಪರ್ಮನೆಂಟ್‌ಮ್ಯಾಕ್‌ಅಡ್ರೆಸ್’ ಮುಂದೆ ಕಾರ್ಡಿನ ವಿಳಾಸ, ‘ಲಿಂಕ್’ ವಿಭಾಗದಲ್ಲಿ ‘ನೇಮ್=ಲ್ಯಾನ್0’ ಬರೆಯಿರಿ. ಮೊದಲು ಹೊಂದಿದ ಫೈಲ್ ಒಂದೇ ಜಾರಿಯಾಗುವುದರಿಂದ ನಿಮ್ಮದು ಸಿಸ್ಟಮ್‌ಡಿ ಜೊತೆಗೇ ಬರುವ ‘99-ಡಿಫಾಲ್ಟ್.ಲಿಂಕ್’ಗಿಂತ ಹೆಸರಿನ ಸರದಿಯಲ್ಲಿ ಮುಂಚೆ ಬರಬೇಕು. ಆ 10 ಇರುವುದು ಅದಕ್ಕೇ. ಹೆಸರು 15 ಅಕ್ಷರ ಮೀರುವಂತಿಲ್ಲ. ಈಥ್0 ಎಂದಂತೂ ಇಡಬೇಡಿ: ಕರ್ನಲ್ ಅದನ್ನು ಆಗಲೇ ಇನ್ನೊಂದು ಕಾರ್ಡಿಗೆ ಕೊಟ್ಟಿದ್ದರೆ ಹೆಸರು ಬದಲಾವಣೆ ವಿಫಲವಾಗುತ್ತದೆ.

ಫೈಲ್ ಸರಿಯಾಗಿದ್ದರೂ ಹಳೇ ಹೆಸರೇ ಬರುತ್ತಿದ್ದರೆ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಬೂಟ್ ಶುರುವಿನಲ್ಲಿ ಮೆಮೊರಿಗೆ ಬರುವ ಪುಟ್ಟ ಫೈಲ್ ವ್ಯವಸ್ಥೆಯನ್ನು, ಮರುನಿರ್ಮಿಸಿ. ಯುಡೆವ್ ಅಲ್ಲಿಯೇ ಓಡಲು ಶುರುವಾಗುತ್ತದೆ, ಹೊಸ ಫೈಲ್ ಅದರೊಳಗೆ ಇರುವುದಿಲ್ಲ. ಡೆಬಿಯನ್‌ನಲ್ಲಿ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’, ಫೆಡೋರಾದಲ್ಲಿ ‘ಡ್ರಾಕಟ್ -ಎಫ್’ ಸಾಕು. ಕಾರ್ಡ್ ಕೆಟ್ಟು ಹೊಸದು ಹಾಕಿದರೆ, ವರ್ಚುವಲ್ ಯಂತ್ರ ಕ್ಲೋನ್ ಮಾಡಿದರೆ ಮ್ಯಾಕ್ ಬೇರೆಯಾಗುತ್ತದೆ. ಆಗ ಲಿಂಕ್ ಫೈಲ್ ತಿದ್ದಿ, ಮತ್ತೆ ಇದೇ ಆದೇಶ ಕೊಡಬೇಕು.