ಲ್ಯಾಬ್‌ವ್ಯೂ ಪುಸ್ತಕ ಆರಿಸುವ ಮುನ್ನ ಶಿಫ್ಟ್ ರಿಜಿಸ್ಟರ್ ಪುಟ ತೆರೆದು ನೋಡಿ

ಲ್ಯಾಬ್‌ವ್ಯೂ ಅಂದರೆ ಅಳತೆಯ ಉಪಕರಣಗಳಿಂದ ಡೇಟಾ ಪಡೆದು ಲೆಕ್ಕ ಹಾಕುವ ಪ್ರೋಗ್ರಾಂಗಳನ್ನು ಚಿತ್ರದ ರೂಪದಲ್ಲಿ ಕಟ್ಟುವ ತಂತ್ರಾಂಶ. ಅದನ್ನು ಕಲಿಯಲು ಹೊರಟವರೆಲ್ಲ ಮೊದಲು ಕೇಳುವುದು "ಯಾವ ಪುಸ್ತಕ ತಗೊಳ್ಳಲಿ?" ಅಂತ. ಕುಶಾಲನಗರ, ಪೊನ್ನಂಪೇಟೆ ಕಡೆ ಎಂಜಿನಿಯರಿಂಗ್ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು, ನೆಟ್ ಕೈಕೊಡುವುದು ಹೊಸದೇನಲ್ಲ. ವಿಡಿಯೋಗಳನ್ನೇ ನಂಬಿ ಕೂರುವ ಬದಲು ಒಂದು ಒಳ್ಳೆಯ ಪುಸ್ತಕ ಕೈಯಲ್ಲಿದ್ದರೆ ವಾಸಿ.

ಲ್ಯಾಬ್‌ವ್ಯೂ ಮೊದಲು ಬಂದದ್ದು 1986ರಲ್ಲಿ, ಮ್ಯಾಕಿಂಟಾಷ್ ಕಂಪ್ಯೂಟರಿಗೆ. ಮಾಡಿದ್ದು ಅಮೆರಿಕದ ಆಸ್ಟಿನ್ ನಗರದ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ. ಇದರಲ್ಲಿ ಸಾಲು ಸಾಲಾಗಿ ಕೋಡ್ ಬರೆಯುವುದಿಲ್ಲ, ಬ್ಲಾಕ್‌ಗಳನ್ನಿಟ್ಟು ನಡುವೆ ವೈರ್ ಎಳೆಯುತ್ತೇವೆ. ಒಂದು ಬ್ಲಾಕ್‌ಗೆ ಬೇಕಾದ ಇನ್‌ಪುಟ್‌ಗಳೆಲ್ಲ ಬಂದು ಸೇರಿದ ಮೇಲೆಯೇ ಅದು ಓಡುತ್ತದೆ. ಎಡಗಡೆ ಇದ್ದದ್ದು ಮೊದಲು, ಬಲಗಡೆ ಇದ್ದದ್ದು ಆಮೇಲೆ ಅನ್ನುವ ನಿಯಮವೇ ಇಲ್ಲ. ಇದೇ ಡೇಟಾ ಫ್ಲೋ. ಸಿ ಭಾಷೆ ಕಲಿತು ಬಂದವರು ಎಡವುವುದು ಇಲ್ಲೇ. ಹಾಗಾಗಿ ಮೊದಲ ಎರಡು ಮೂರು ಅಧ್ಯಾಯಗಳಲ್ಲೇ ಇದನ್ನು ಮನಸ್ಸಿಗೆ ಹತ್ತುವಂತೆ ಹೇಳದ ಪುಸ್ತಕ, ಎಷ್ಟೇ ದಪ್ಪ ಇರಲಿ, ಬೇಡ.

ಡೇಟಾ ಫ್ಲೋ ಅರ್ಥವಾಗಿದೆಯೇ ಎಂದು ನೋಡಲು ಶಿಫ್ಟ್ ರಿಜಿಸ್ಟರ್‌ಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪಿನಲ್ಲಿ, ಒಂದು ಸುತ್ತಿನ ಬೆಲೆಯನ್ನು (ವ್ಯಾಲ್ಯೂ) ಮುಂದಿನ ಸುತ್ತಿಗೆ ದಾಟಿಸುವುದು ಅದರ ಕೆಲಸ. ಪುಸ್ತಕ ಕೈಗೆ ಸಿಕ್ಕಾಗ ಸೀದಾ ಆ ಪುಟಗಳನ್ನು ತೆರೆಯಿರಿ.

ನಮ್ಮೂರಿನದೇ ಉದಾಹರಣೆ ನೋಡೋಣ. ತೋಟದ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ, ಅಲ್ವಾ? ನೂರು ಸೆಂಟ್ ಅಂದರೆ ಒಂದು ಇಂಚು. ಟಿಪ್ಪಿಂಗ್ ಬಕೆಟ್ ಮಾದರಿಯ ಮಳೆಮಾಪಕದಲ್ಲಿ ಪುಟ್ಟ ಬಟ್ಟಲು ತುಂಬಿದಾಗಲೆಲ್ಲ ಮಗುಚುತ್ತದೆ, ಆಗ ಒಂದು ಸ್ವಿಚ್ ಕ್ಷಣಕಾಲ ಮುಚ್ಚಿ ತೆರೆಯುತ್ತದೆ. ಒಮ್ಮೆ ಮಗುಚಿದರೆ 0.2 ಮಿಲಿಮೀಟರ್ ಮಳೆ ಅಂತಿಟ್ಟುಕೊಳ್ಳಿ. ಇಂಚಿಗೆ 25.4 ಮಿಲಿಮೀಟರ್, ಅಂದರೆ 127 ಸಲ ಮಗುಚಬೇಕು.

ಇದನ್ನು ಎಣಿಸಲು ವೈಲ್ ಲೂಪಿಗೆ, ಅಂದರೆ ನಿಲ್ಲಿಸುವವರೆಗೂ ಸುತ್ತುತ್ತಲೇ ಇರುವ ಲೂಪಿಗೆ, ಎರಡು ಶಿಫ್ಟ್ ರಿಜಿಸ್ಟರ್ ಬೇಕು. ಒಂದರಲ್ಲಿ ಸ್ವಿಚ್‌ನ ಹಿಂದಿನ ಸುತ್ತಿನ ಸ್ಥಿತಿ, ಇನ್ನೊಂದರಲ್ಲಿ ಎಣಿಕೆ. ಹಿಂದೆ ಫಾಲ್ಸ್ (ತೆರೆದಿದೆ) ಇದ್ದು ಈಗ ಟ್ರೂ (ಮುಚ್ಚಿದೆ) ಆಗಿದ್ದರೆ ಮಾತ್ರ ಎಣಿಕೆಗೆ ಒಂದು ಕೂಡಿಸಬೇಕು. ಸುಮ್ನೆ ಟ್ರೂ ಇದ್ದಾಗಲೆಲ್ಲ ಕೂಡಿಸಿದರೆ, ಸ್ವಿಚ್ ಮುಚ್ಚಿರುವಷ್ಟು ಹೊತ್ತು ಲೂಪ್ ಎಷ್ಟು ಸುತ್ತು ಹೊಡೆಯುತ್ತದೋ ಅಷ್ಟು ಮಳೆ ಲೆಕ್ಕಕ್ಕೆ ಬರುತ್ತದೆ!

ಇನ್ನೊಂದು ಸೂಕ್ಷ್ಮ ಇದೆ. ಎಣಿಕೆಯ ರಿಜಿಸ್ಟರ್‌ಗೆ ಲೂಪಿನ ಹೊರಗೆ ಎಡಗಡೆಯಿಂದ ಸೊನ್ನೆ ಕೊಡದೆ ಬಿಟ್ಟರೆ, ಪ್ರೋಗ್ರಾಂ ನಿಲ್ಲಿಸಿ ಮತ್ತೆ ಓಡಿಸಿದಾಗ ಹಳೆಯ ಎಣಿಕೆಯಿಂದಲೇ ಮುಂದುವರಿಯುತ್ತದೆ. ಪ್ರೋಗ್ರಾಂ ಮುಚ್ಚಿ ಅದು ಮೆಮೊರಿಯಿಂದ ಹೊರಗೆ ಹೋದ ಮೇಲೆ ತೆರೆದರೆ ಮಾತ್ರ ಸೊನ್ನೆಗೆ ಬರುತ್ತದೆ. ನಿನ್ನೆಯ ಮಳೆ ಇವತ್ತಿನ ಲೆಕ್ಕದಲ್ಲಿ ಸೇರಿಕೊಳ್ಳುವುದು ಹೀಗೆ. ಇದನ್ನು ಉದಾಹರಣೆ ಕೊಟ್ಟು ವಿವರಿಸಿರುವ ಪುಸ್ತಕವನ್ನು ನಾನು ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ. ಅದನ್ನು ಬರೆದವರು ನಿಜವಾಗಿ ಕಲಿಸಿದವರು.

ಇನ್ನು ಬಣ್ಣದ ವಿಷಯ. ಇದು ಚಿಕ್ಕದು ಅನ್ನಿಸಬಹುದು, ಆದರೆ ಅಲ್ಲ. ಲ್ಯಾಬ್‌ವ್ಯೂನಲ್ಲಿ ವೈರ್‌ನ ಬಣ್ಣವೇ ಡೇಟಾ ಟೈಪ್ ಹೇಳುತ್ತದೆ: ಇಂಟಿಜರ್ ನೀಲಿ, ದಶಮಾಂಶ ಸಂಖ್ಯೆ ಕಿತ್ತಳೆ, ಬೂಲಿಯನ್ (ಟ್ರೂ ಅಥವಾ ಫಾಲ್ಸ್) ಹಸಿರು, ಸ್ಟ್ರಿಂಗ್ (ಅಕ್ಷರಗಳು) ಗುಲಾಬಿ. ನಮ್ಮ ಮಾಪಕ ಹತ್ತು ಸಲ ಮಗುಚಿದರೆ ಸುಮಾರು 7.87 ಸೆಂಟ್. ಆ ಕಿತ್ತಳೆ ವೈರನ್ನು ಉತ್ತರ ತೋರಿಸುವ ನೀಲಿ ಇಂಡಿಕೇಟರ್‌ಗೆ ಜೋಡಿಸಿದರೆ 8 ಎಂದು ಕಾಣಿಸುತ್ತದೆ, ಸೇರುವ ಜಾಗದಲ್ಲಿ ಒಂದು ಚಿಕ್ಕ ಕೆಂಪು ಚುಕ್ಕೆ ಬೀಳುತ್ತದೆ. ಟೈಪ್ ಬದಲಾಯಿತು ಎಂಬ ಎಚ್ಚರಿಕೆ ಅದು. ಕಪ್ಪು ಬಿಳುಪಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಇದೆಲ್ಲ ಮಂಕಾಗಿಬಿಡುತ್ತದೆ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಬಣ್ಣದ್ದೇ ತಗೊಳ್ಳಿ, ಇಲ್ಲವೇ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪ್ರತಿ ಚಿತ್ರವನ್ನೂ ಕಟ್ಟಿ ನೋಡಿ.

ಹಳೆಯ ಆವೃತ್ತಿಯ ಪುಸ್ತಕ ಎಂದು ಹೆದರಬೇಡಿ. ಲೂಪು, ಅರೇ, ಕ್ಲಸ್ಟರ್ ಯಾವುದೂ ಬದಲಾಗಿಲ್ಲ. ಮೆನುವಿನಲ್ಲಿ ಬ್ಲಾಕ್ ಸಿಗದಿದ್ದರೆ ಕಂಟ್ರೋಲ್ ಜೊತೆ ಸ್ಪೇಸ್ ಒತ್ತಿ ಹೆಸರಿನಿಂದ ಹುಡುಕಬಹುದು. ಎನ್‌ಎಕ್ಸ್‌ಜಿ ಆವೃತ್ತಿಗೆಂದೇ ಬರೆದ ಪುಸ್ತಕ ಮಾತ್ರ ಬೇಡ. 2017ರಲ್ಲಿ ಬಂದ ಆ ದಾರಿಯನ್ನು ಕಂಪನಿಯೇ ಕೈಬಿಟ್ಟಿದೆ.

ಎಕ್ಸ್‌ಪ್ರೆಸ್ ಬ್ಲಾಕ್‌ಗಳಿಂದಲೇ, ಅಂದರೆ ಆಯ್ಕೆಗಳನ್ನು ತುಂಬಿದರೆ ಸಾಕಾಗುವ ಸಿದ್ಧ ಬ್ಲಾಕ್‌ಗಳಿಂದಲೇ, ಶುರುಮಾಡುವ ಪುಸ್ತಕಗಳೂ ಇವೆ. ಅರ್ಧ ಗಂಟೆಯಲ್ಲಿ ಗ್ರಾಫ್ ಬರುತ್ತದೆ, ಖುಷಿಯಾಗುತ್ತದೆ. ಆದರೆ ಒಳಗೆ ಏನಾಯಿತು ಎಂದು ತಿಳಿಯುವುದಿಲ್ಲ. ಮಾತು ಮಾತಿಗೂ ಲೋಕಲ್ ವೇರಿಯಬಲ್ ಬಳಸುವ ಪುಸ್ತಕ ಇನ್ನೂ ಕೆಟ್ಟದ್ದು. ವೈರ್ ಇಲ್ಲದೆ ಬೆಲೆ ಓಡಾಡಿದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದೇ ಕೈತಪ್ಪುತ್ತದೆ. ಕೊನೆಯ ಅಧ್ಯಾಯಗಳಲ್ಲಿ ಸ್ಟೇಟ್ ಮೆಷಿನ್ (ಪ್ರೋಗ್ರಾಂ ಅನ್ನು ಹಂತ ಹಂತವಾಗಿ ನಡೆಸುವ ವಿನ್ಯಾಸ) ಮತ್ತು ಎರರ್ ವೈರ್ (ತಪ್ಪಿನ ಸುದ್ದಿಯನ್ನು ಮುಂದಿನ ಬ್ಲಾಕ್‌ಗೆ ಒಯ್ಯುವ ವೈರ್) ಇದೆಯೇ ನೋಡಿಕೊಳ್ಳಿ. ಪ್ರಾಜೆಕ್ಟ್ ಮಾಡುವಾಗ ಇವೆರಡೇ ಕೈಹಿಡಿಯುವುದು.

ಅಭ್ಯಾಸಕ್ಕೆ ಕಮ್ಯುನಿಟಿ ಆವೃತ್ತಿ ಸಾಕು. 2020ರಲ್ಲಿ ಬಂದ ಅದು ಉಚಿತ, ಆದರೆ ವ್ಯಾಪಾರಕ್ಕಾಗಲಿ ಕಾಲೇಜಿನ ಪಾಠ, ಸಂಶೋಧನೆಗಾಗಲಿ ಬಳಸುವಂತಿಲ್ಲ. ಹಾರ್ಡ್‌ವೇರ್ ಇಲ್ಲದೆಯೂ ಮಳೆಮಾಪಕ ಕಟ್ಟಬಹುದು: ಫ್ರಂಟ್ ಪ್ಯಾನೆಲ್‌ನಲ್ಲಿ (ಬಳಸುವವರಿಗೆ ಕಾಣುವ ಕಿಟಕಿ) ಒಂದು ಬಟನ್ ಇಟ್ಟು, ಅದರ ಮೆಕ್ಯಾನಿಕಲ್ ಆಕ್ಷನ್ (ಒತ್ತಿದಾಗ ಹೇಗೆ ವರ್ತಿಸಬೇಕು ಎಂಬ ಆಯ್ಕೆ) ಅನ್ನು 'ಸ್ವಿಚ್ ಅನ್‌ಟಿಲ್ ರಿಲೀಸ್ಡ್' ಎಂದು ಬದಲಿಸಿ. ಒತ್ತಿ ಹಿಡಿದಷ್ಟು ಹೊತ್ತು ಟ್ರೂ, ಬಿಟ್ಟರೆ ಫಾಲ್ಸ್. ಎಷ್ಟು ಹೊತ್ತು ಒತ್ತಿ ಹಿಡಿದರೂ ಎಣಿಕೆ ಒಂದೇ ಏರಿದರೆ ನಿಮ್ಮ ವೈರಿಂಗ್ ಸರಿಯಿದೆ.